ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಪ್ರಿಪೊಸಿಷನ್ ತಪ್ಪದಂತೆ ಬಳಸುವುದು ಹೇಗೆ?

ವ್ಯಾಕರಣದ ನಿಯಮಗಳನ್ನೆಲ್ಲ ಓದಿದ ಮೇಲೂ ‘ಇನ್’, ‘ಆನ್’, ‘ಅಟ್’ಗಳಲ್ಲಿ ಎಡವುವುದೇಕೆ ಎಂದು ಕೇಳಿದ್ದೀರಿ. ಆ ನಿಯಮಗಳು ಜಾಗವನ್ನೂ ಹೊತ್ತನ್ನೂ ಸೂಚಿಸುವ ಸರಳ ವಾಕ್ಯಗಳಿಗೆ ಸಾಕಾಗುತ್ತವೆಯೇ ಹೊರತು ನುಡಿಗಟ್ಟುಗಳಲ್ಲಿ ಹೆಚ್ಚು ದೂರ ಕೈಹಿಡಿಯುವುದಿಲ್ಲ. ಕೊನೆಯ ಗಳಿಗೆಯಲ್ಲಿ ಕೆಲಸವಾಯಿತು ಎನ್ನಲು ‘ಅಟ್ ದಿ ಇಲೆವೆಂತ್ ಅವರ್’ ಎನ್ನುತ್ತಾರೆ. ಹೆಚ್ಚುಕಡಿಮೆ ಅದೇ ಸಂದರ್ಭಕ್ಕೆ ‘ಇನ್ ದ ನಿಕ್ ಆಫ್ ಟೈಮ್’ ಎಂದೂ ಹೇಳುತ್ತಾರೆ. ಅಲ್ಲಿ ‘ಅಟ್’, ಇಲ್ಲಿ ‘ಇನ್’ ಏಕೆ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಇಡೀ ಮಾತನ್ನೇ ಬಾಯಿಗೆ ರೂಢಿಸಿಕೊಳ್ಳುವುದು ಮೇಲು.

ನಮ್ಮ ತಪ್ಪುಗಳಲ್ಲಿ ಬಹುಪಾಲು ನಮ್ಮ ವಿಭಕ್ತಿ ಪ್ರತ್ಯಯಗಳಿಂದಲೇ ಹುಟ್ಟುತ್ತವೆ. ‘ಸಾಹೇಬರು ನನ್ನ ಮೇಲೆ ಸಿಟ್ಟಾಗಿದ್ದಾರೆ’ ಎಂಬ ಮಾತು ಮನಸ್ಸಿನಲ್ಲಿರುವುದರಿಂದ ‘ಆಂಗ್ರಿ ಆನ್ ಮಿ’ ಎಂದುಬಿಡುತ್ತೇವೆ. ಸರಿಯಾದದ್ದು ‘ಆಂಗ್ರಿ ವಿತ್ ಮಿ’. ‘ಅವರ ಜೊತೆ ಮದುವೆ’ ಎಂಬುದು ‘ಮ್ಯಾರಿಡ್ ವಿತ್’ ಆಗುತ್ತದೆ. ಆಗಬೇಕಾದದ್ದು ‘ಮ್ಯಾರಿಡ್ ಟು’. ‘ಮೂರು ವರ್ಷದಿಂದ’ ಎಂಬುದರಲ್ಲಿನ ‘ಇಂದ’ ನಮ್ಮನ್ನು ‘ಸಿನ್ಸ್’ ಕಡೆಗೆ ಎಳೆಯುತ್ತದೆ. ಆದರೆ ಅವಧಿಗೆ ‘ಫಾರ್ ತ್ರೀ ಇಯರ್ಸ್’ ಎನ್ನಬೇಕು, 2021ರಿಂದ ಎಂದು ಆರಂಭವನ್ನು ಹೇಳುವಾಗ ಮಾತ್ರ ‘ಸಿನ್ಸ್’. ಮುಂಬಯಿ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಮರಾಠಿಯಲ್ಲಿಯೂ ‘ಮಾಝ್ಯಾವರ್ ರಾಗಾವಲಾ’, ‘ತೀನ್ ವರ್ಷಾಂಪಾಸೂನ್’ ಎಂದೇ ಹೇಳುವುದರಿಂದ, ಕಚೇರಿಯಲ್ಲಿ ಪಕ್ಕದ ಮೇಜಿನವರ ಕಿವಿಗೂ ನಮ್ಮ ತಪ್ಪು ತಪ್ಪೆಂದು ಕೇಳಿಸುವುದಿಲ್ಲ. ಇನ್ನು ‘ಡಿಸ್ಕಸ್ ಅಬೌಟ್’, ‘ಕೋಪ್ ಅಪ್ ವಿತ್’ಗಳಲ್ಲಿ ಬೇಡದ್ದನ್ನು ಸೇರಿಸುತ್ತೇವೆ, ‘ಅಬೌಟ್’, ‘ಅಪ್’ ತೆಗೆದರೆ ಸಾಕು.

ಪ್ರಿಪೊಸಿಷನ್ ಬದಲಾದರೆ ಅರ್ಥವೇ ಬದಲಾಗುವ ಕಡೆ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. 8.12ರ ಲೋಕಲ್ 8.12ಕ್ಕೇ ಬಂದರೆ ಅದು ‘ಆನ್ ಟೈಮ್’. ನೀವು ಸೇತುವೆಯ ಮೆಟ್ಟಿಲಿಳಿದು, ಅದು ಹೊರಡುವುದರೊಳಗೆ ಪ್ಲಾಟ್‌ಫಾರ್ಮ್ ತಲುಪಿದರೆ ನೀವು ‘ಇನ್ ಟೈಮ್’. ಗಾಡಿ ‘ಆನ್ ಟೈಮ್’ ಇಲ್ಲದ್ದರಿಂದಲೇ ನಾವು ‘ಇನ್ ಟೈಮ್’ ಆಗುವ ದಿನಗಳು ಮಳೆಗಾಲದಲ್ಲಿ ಬೇಕಾದಷ್ಟಿವೆ.

ಅಭ್ಯಾಸಕ್ಕೆ ಇಂಗ್ಲಿಷ್-ಕನ್ನಡ ನಿಘಂಟಿಗಿಂತ, ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿಯೇ ಸಿದ್ಧಪಡಿಸಿದ ಲರ್ನರ್ಸ್ ಡಿಕ್ಷನರಿಯನ್ನು ನಾನು ಸೂಚಿಸುತ್ತೇನೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು 1942ರಲ್ಲಿ ಅಲ್ಲಿಯೇ ಹೊರತಂದ ಇಂಥ ನಿಘಂಟು ಮುಂದೆ ಆಕ್ಸ್‌ಫರ್ಡ್ ಮುದ್ರಣವಾಗಿ ಜಗತ್ತಿನೆಲ್ಲೆಡೆ ಹರಡಿತು. ಪದದ ಅರ್ಥದ ಜೊತೆಗೆ ಅದು ವಾಕ್ಯದಲ್ಲಿ ಹೇಗೆ ಕೂಡುತ್ತದೆ ಎಂಬುದನ್ನೂ ತೋರಿಸುವುದು ಅದರ ಹೆಚ್ಚುಗಾರಿಕೆ. ‘ಗುಡ್’ ಎಂದು ಹುಡುಕಿ, ‘ಗುಡ್ ಅಟ್ ಮ್ಯಾಥ್ಸ್’ ಎಂಬಂಥ ಉದಾಹರಣೆಯನ್ನು ಇಡಿಯಾಗಿ ಬರೆದುಕೊಳ್ಳಿ, ಬಿಡಿ ‘ಅಟ್’ ಬೇಡ.

‘ಅಟ್ ದ ವೀಕೆಂಡ್’ ಎನ್ನುವವರು ಬ್ರಿಟಿಷರು, ‘ಆನ್ ದ ವೀಕೆಂಡ್’ ಎನ್ನುವವರು ಅಮೆರಿಕನ್ನರು. ಇಂಥಲ್ಲಿ ಎರಡೂ ಸರಿ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸದಿದ್ದರಾಯಿತು.