ಫ್ರೆಂಚ್ ಜೇನಿನ ಲೇಬಲ್‌ನ ಪದಗಳನ್ನು ಇಂಗ್ಲಿಷಿಗೆ ಹೇಗೆ ತರಬೇಕು? 'ಮಿಯೆಲ್ ದೆಸ್ತಿನೆ ಆ ಲ್ಯಾಂದುಸ್ತ್ರಿ' ಎಂದರೆ 'ಇಂಡಸ್ಟ್ರಿಯಲ್ ಹನಿ' ತಾನೆ?

ಅಲ್ಲ. ನಿಘಂಟು ಹಾಗೆ ಹೇಳಿದರೂ ಇಂಗ್ಲಿಷಿನ ಕಾನೂನು ಪದ 'ಬೇಕರ್ಸ್ ಹನಿ', ಅಂದರೆ ಬೇರೆ ತಿನಿಸುಗಳ ತಯಾರಿಕೆಗೆ ಬಳಸುವ ಜೇನು. ಇಂಥ ಪದಗಳಿಗೆ ಮೊದಲು ತೆರೆಯಬೇಕಾದದ್ದು ಐರೋಪ್ಯ ಒಕ್ಕೂಟದ 2001ರ ಜೇನು ನಿರ್ದೇಶನ. ಫ್ರೆಂಚ್ ಮತ್ತು ಇಂಗ್ಲಿಷ್ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಸರಿಯಾದ ಜೋಡಿ ಅಲ್ಲೇ ಸಿಗುತ್ತದೆ. ಸಾಮಾನ್ಯ ಜೇನಿನಲ್ಲಿ ತೇವಾಂಶ 20% ಮೀರಬಾರದು, ಬೇಕರ್ಸ್ ಹನಿಗೆ 23% ವರೆಗೆ ಅವಕಾಶವಿದೆ. ಹುಳಿ ಬಂದ ಅಥವಾ ಅತಿಯಾಗಿ ಕಾಯಿಸಿದ ಜೇನೂ ಈ ವರ್ಗಕ್ಕೆ ಸೇರಬಹುದು. ಆದ್ದರಿಂದ ಅದರ ಲೇಬಲ್‌ನಲ್ಲಿ 'ಇಂಟೆಂಡೆಡ್ ಫಾರ್ ಕುಕಿಂಗ್ ಓನ್ಲಿ' ಎಂಬ ಮಾತು ಕಡ್ಡಾಯ. ಅನುವಾದದಲ್ಲಿ ಇದನ್ನು ಬಿಡಲೇಬೇಡಿ.

'ಮಿಯೆಲ್ ದ ಮಿಯೆಲಾ' ಎಂದರೆ 'ಹನಿಡ್ಯೂ ಹನಿ': ಹೂವಿನ ಮಕರಂದದ ಜೇನಲ್ಲ, ಗಿಡದ ರಸ ಹೀರುವ ಕೀಟಗಳು ಹೊರಹಾಕುವ ಸಿಹಿದ್ರವದಿಂದ ಆದದ್ದು. ಫ್ರಾನ್ಸಿನ ವೋಜ್ ಪ್ರದೇಶದ ಕಪ್ಪನೆಯ 'ಸಾಪ್ಯಾಂ' ಜೇನು ಇದೇ ಜಾತಿ. ಸಾಪ್ಯಾಂ ಎಂದರೆ 'ಫರ್' ಮರ. ಅದನ್ನು 'ಪೈನ್' ಎಂದು ಬರೆದರೆ ಮರವೇ ಬೇರೆಯಾಗುತ್ತದೆ. ಹಾಗೆಯೇ ಫ್ರಾನ್ಸಿನ 'ಅಕಾಸಿಯಾ' ಜೇನು ನಮ್ಮ ಜಾಲಿಯ ಬಳಗದ್ದಲ್ಲ, ರೊಬಿನಿಯಾ ಮರದ್ದು. ಇಂಗ್ಲಿಷ್ ಮಾರುಕಟ್ಟೆಯಲ್ಲೂ 'ಅಕೇಶಿಯಾ ಹನಿ' ಎಂದೇ ಮಾರುವುದರಿಂದ ಲೇಬಲ್‌ನಲ್ಲಿ ಅದನ್ನೇ ಉಳಿಸಿ, ತಾಂತ್ರಿಕ ಬರಹದಲ್ಲಿ ರೊಬಿನಿಯಾ ಎಂದು ಸೇರಿಸಿ. 'ತೂತ್ ಫ್ಲರ್' ಎಂಬುದು 'ಮಲ್ಟಿಫ್ಲೋರಲ್' ಆಗುತ್ತದೆ, 'ಕ್ರೆಮೊ' 'ಕ್ರೀಮ್ಡ್ ಹನಿ'. ಇದರಲ್ಲಿ ಹಾಲಿನ ಕೆನೆ ಇರುವುದಿಲ್ಲ.