ಸ್ಟ್ರಿಪ್ಪಿನ ತೆಳು ಗೆರೆ: ಮಗುವಿಗಾಗಿ ಕಾಯುತ್ತಿದ್ದ ದಂಪತಿಯ ಪ್ರಕರಣ

(ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದು ಬರೆದದ್ದು.)

ಅವರನ್ನು ಸುಮಾ ಮತ್ತು ಮಂಜುನಾಥ್ ಅಂತ ಕರೆಯೋಣ. ಸುಮಾ ಅವರಿಗೆ 31 ವರ್ಷ, ತುಮಕೂರಿನ ಹತ್ತಿರ ಪ್ರೈಮರಿ ಶಾಲೆಯಲ್ಲಿ ಟೀಚರ್. ಮಂಜುನಾಥ್ ಅವರಿಗೆ 35, ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮದುವೆಯಾಗಿ ನಾಲ್ಕು ವರ್ಷ. ಮಗು ಬೇಕು ಅಂತ ತೀರ್ಮಾನಿಸಿ ಒಂದು ವರ್ಷ ದಾಟಿತ್ತು. ಮನೆಯಲ್ಲಿ ಅತ್ತೆ ಮಾವ ಇದ್ದಾರೆ.

ಮೊದಲ ಸಲ ಸಲಹೆ ಕೇಳಲು ನನ್ನ ಹತ್ತಿರ ಸುಮಾ ಒಬ್ಬರೇ ಬಂದರು. ಮಗುವಿನ ವಿಷಯ ಎತ್ತಲಿಲ್ಲ. "ನಿದ್ದೆ ಬರ್ತಾ ಇಲ್ಲ ಮೇಡಂ, ಸುಮ್‌ಸುಮ್ನೆ ಸಿಟ್ಟು ಬರುತ್ತೆ, ಮಕ್ಕಳ ಮೇಲೆ ರೇಗ್ತೀನಿ" ಅಂದರು. ಯಾವ ದಿನಗಳಲ್ಲಿ ಜಾಸ್ತಿ ಅಂತ ಕೇಳಿದೆ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟರು. ಆಗ ಗೊತ್ತಾಯಿತು.

ಪುಟದ ಎಡಗಡೆ ತಾರೀಖು. ಪಕ್ಕದಲ್ಲಿ ಬೆಳಗಿನ ಮೈ ಬಿಸಿ: 97.3, 97.9, 97.2, 98.1. ಕೆಲವು ಅಂಕಿಗಳ ಮುಂದೆ ಪೆನ್ಸಿಲ್ಲಿನಲ್ಲಿ "ರಾತ್ರಿ ಬಾಗಿಲು ತೆಗೆದೆ" ಅಂತ ಬರೆದಿತ್ತು. ಮಂಜುನಾಥ್ ಸೆಕೆಂಡ್ ಶಿಫ್ಟ್ ಮುಗಿಸಿ ಬರೋದು ಮಧ್ಯರಾತ್ರಿ ಮೇಲೆ. ಆ ವಾರಗಳಲ್ಲಿ ಇವರು ಎದ್ದು ಬಾಗಿಲು ತೆಗೆದು, ಊಟ ಬಿಸಿ ಮಾಡಿ, ಮತ್ತೆ ಮಲಗುತ್ತಿದ್ದರು. ಇನ್ನೊಂದು ಪುಟಕ್ಕೆ, ಅಂಡ ಬಿಡುಗಡೆಯ ದಿನ ಹಿಡಿಯಲು ಮೂತ್ರದಲ್ಲಿ ನೋಡುವ ಓವ್ಯುಲೇಶನ್ ಸ್ಟ್ರಿಪ್‌ಗಳನ್ನು ಸೆಲ್ಲೋಟೇಪಿನಿಂದ ಅಂಟಿಸಿದ್ದರು. ಎಲ್ಲದರಲ್ಲೂ ಒಂದು ಗಾಢ ಗೆರೆ, ಪಕ್ಕದಲ್ಲಿ ಒಂದು ತೆಳು ಗೆರೆ. ತೆಳು ಗೆರೆ ಕಂಡ ದಿನಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿತ್ತು.

"ಇಷ್ಟೆಲ್ಲಾ ಸರಿಯಾಗಿ ಮಾಡ್ತಾ ಇದೀನಿ. ಆದ್ರೂ ಯಾಕೆ ಆಗ್ತಾ ಇಲ್ಲ?" ಅಂದರು. ಅಲ್ಲಿವರೆಗೆ ತಡೆದಿದ್ದ ಅಳು ಆಗ ಬಂತು.

ಮನೆಯಲ್ಲೂ ಒಂದು ಲೆಕ್ಕ ನಡೀತಿತ್ತು. ಆ ಮನೆಯಲ್ಲಿ ಮುಟ್ಟಾದರೆ ಮೂರು ದಿನ ಅಡುಗೆಮನೆಗೆ, ದೇವರ ಕೋಣೆಗೆ ಹೋಗುವಂತಿಲ್ಲ. ಅಂದ ಮೇಲೆ ಈ ತಿಂಗಳೂ ಏನೂ ಆಗಲಿಲ್ಲ ಅನ್ನೋದು ಬೆಳಗಿನ ಕಾಫಿ ಹೊತ್ತಿಗೆ ಇಡೀ ಮನೆಗೆ ಗೊತ್ತು. ಅತ್ತೆ ಗೋಡೆ ಕ್ಯಾಲೆಂಡರಿನಲ್ಲಿ ಚುಕ್ಕಿ ಇಡ್ತಾರೆ. ಎರಡು ದಿನ ತಡವಾದರೆ "ಏನಮ್ಮಾ, ವಿಶೇಷ ಏನಾದ್ರೂ?" ಅಂತ ಕೇಳ್ತಾರೆ. ಕೆಟ್ಟವರಲ್ಲ, ಆಸೆಯಿಂದ ಕೇಳೋದು. ಆದರೆ ತನ್ನ ದುಃಖವನ್ನು ಒಂದು ದಿನವೂ ತನ್ನಲ್ಲೇ ಇಟ್ಟುಕೊಳ್ಳೋಕೆ ಆಗದ ಹೆಣ್ಣಿಗೆ ಅದೆಷ್ಟು ಕಷ್ಟ ಅಂತ ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ನೋಟ್‌ಬುಕ್ ನಿಧಾನವಾಗಿ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸುಮಾ ಅವರ ತಿಂಗಳ ಚಕ್ರ 28 ದಿನದ್ದಲ್ಲ. ಒಂದು ಸಲ 33, ಮತ್ತೊಮ್ಮೆ 35, ಆಮೇಲೆ 32, 34. ಮುಟ್ಟಿನ ಲೆಕ್ಕಕ್ಕೆ ಇಟ್ಟಿದ್ದ ಮೊಬೈಲಿನ ಆ್ಯಪ್‌ನಲ್ಲಿ ಮಾತ್ರ ಮೊದಲೇ ತುಂಬಿ ಬಂದಿದ್ದ 28 ಹಾಗೇ ಉಳಿದಿತ್ತು. ಆ್ಯಪ್ 14ನೇ ದಿನವನ್ನು ಅಂಡ ಬಿಡುಗಡೆಯ ದಿನ ಅಂತ ತೋರಿಸುತ್ತಿತ್ತು. ಇವರು 12ರಿಂದ 16ರವರೆಗೆ ಸ್ಟ್ರಿಪ್ ಹಾಕುತ್ತಿದ್ದರು. ಐದು ಸ್ಟ್ರಿಪ್ಪಿನ ಪ್ಯಾಕ್ ಅಲ್ಲಿಗೆ ಖಾಲಿ.

ಅಂಡ ಬಿಡುಗಡೆಯಾಗುವುದು ಮುಟ್ಟಾದ 14ನೇ ದಿನ ಅಂತ ಬಹಳ ಜನ ನಂಬಿದ್ದಾರೆ. ಲೆಕ್ಕ ಹಿಡಿಯಬೇಕಾದದ್ದು ಹಿಂದಿನಿಂದ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಹೊರಬರುತ್ತದೆ. ಇದರಲ್ಲೂ ಎರಡು ಮೂರು ದಿನ ಆಚೀಚೆ ಆಗಬಹುದು. ಚಕ್ರ 34 ದಿನದ್ದಾದರೆ ಅದು 20ನೇ ದಿನದ ಆಸುಪಾಸು. ಇವರು ಇಷ್ಟು ದಿನ ನೋಡುತ್ತಿದ್ದದ್ದು ಸುಮಾರು ಒಂದು ವಾರ ಮೊದಲಿನ ದಿನಗಳನ್ನು.

ಆದರೂ ಸ್ಟ್ರಿಪ್ಪಿನಲ್ಲಿ ಗೆರೆ ಬಂದಿತ್ತಲ್ಲ? ಇಲ್ಲೇ ಎಡವಟ್ಟಾಗಿದ್ದು. ಬಸುರಿ ಹೌದೋ ಅಲ್ಲವೋ ನೋಡುವ ಕಿಟ್‌ನಲ್ಲಿ ಎರಡನೇ ಗೆರೆ ತೆಳುವಾಗಿ ಬಂದರೂ ಅದಕ್ಕೆ ಅರ್ಥ ಇದೆ. ಓವ್ಯುಲೇಶನ್ ಸ್ಟ್ರಿಪ್ ಹಾಗಲ್ಲ. ಅದು ಎಲ್‌ಎಚ್ ಅನ್ನುವ ಹಾರ್ಮೋನನ್ನು ನೋಡುತ್ತದೆ. ಆ ಹಾರ್ಮೋನು ಮೈಯಲ್ಲಿ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ, ಹಾಗಾಗಿ ತೆಳು ಗೆರೆ ಬಹುತೇಕ ದಿನಗಳಲ್ಲಿ ಕಾಣಬಹುದು. ಎರಡನೇ ಗೆರೆ ಮೊದಲನೆಯದರಷ್ಟೇ ಗಾಢವಾದರೆ, ಇಲ್ಲವೇ ಅದಕ್ಕಿಂತ ಗಾಢವಾದರೆ ಮಾತ್ರ ಹಾರ್ಮೋನು ಏರಿದೆ ಅಂತ ಅರ್ಥ. ಹಾಗೆ ಏರಿದ ಮೇಲೆ 24ರಿಂದ 36 ಗಂಟೆಯಲ್ಲಿ ಅಂಡ ಹೊರಬರುವುದು ಸಾಮಾನ್ಯ. ಅಂಟಿಸಿದ್ದ ಸ್ಟ್ರಿಪ್‌ಗಳಲ್ಲಿ ಅಂಥ ಗಾಢ ಗೆರೆ ಒಂದೂ ಇರಲಿಲ್ಲ.

ಮಂಜುನಾಥ್ ಅವರನ್ನೂ ಕರೆತನ್ನಿ ಅಂದೆ. "ಅವ್ರು ಬರಲ್ಲ ಮೇಡಂ" ಅಂದರು. ಆದರೆ ಮುಂದಿನ ಸಲ ಬಂದರು. ಹೆಂಡತಿ ಹೊರಗೆ ಕೂತ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ಮಾತಾಡಿದರು.

"ಸ್ಕೂಲಿಂದ ಮೆಸೇಜ್ ಮಾಡ್ತಾಳೆ, 'ಇವತ್ತು' ಅಂತ. ಅಷ್ಟೇ. ಮಷೀನ್ ಮುಂದೆ ನಿಂತಿರ್ತೀನಿ, ಅದೇ ತಲೇಲಿ ಓಡ್ತಿರುತ್ತೆ. ಒಂದ್ಸಲ ರಜಾ ಹಾಕಿ ಬಂದೆ. ಆಗ್ಲೇ ಇಲ್ಲ ಮೇಡಂ. ಅವಳು ಗೋಡೆ ಕಡೆ ತಿರುಗಿ ಮಲಗಿದ್ಲು. ಅವತ್ತಿಂದ ಆ ವಾರ ಬಂತು ಅಂದ್ರೆ ಸೆಕೆಂಡ್ ಶಿಫ್ಟ್ ನಾನೇ ಕೇಳಿ ಹಾಕಿಸ್ಕೋತೀನಿ."

ಉಳಿದ ದಿನಗಳಲ್ಲಿ? "ವೇಸ್ಟ್ ಮಾಡ್ಬಾರ್ದು, ಕೂಡಿಡ್ಬೇಕು ಅಂತ ಯಾರೋ ಹೇಳಿದ್ರು" ಅಂದರು.

ಹೀಗೆ ಇಡೀ ತಿಂಗಳಲ್ಲಿ ಒಂದೇ ದಿನ, ಅದೂ ತಪ್ಪು ದಿನ. ಆ ದಿನ ಗಂಡನಿಗೆ ಪರೀಕ್ಷೆ, ಮುಟ್ಟಾದ ದಿನ ಹೆಂಡತಿಗೆ ರಿಸಲ್ಟ್. ಇಬ್ಬರೂ ಒಬ್ಬರನ್ನೊಬ್ಬರು ಫೇಲ್ ಮಾಡಿದ ಹಾಗೆ ಕೂತಿದ್ದರು. ಮಗು ಬೇಡ ಅಂತ ಯಾರಿಗೂ ಇರಲಿಲ್ಲ.

ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮೊದಲು ಹೇಳಿದ್ದು ಆರು ದಿನದ ವಿಷಯ. ಅಂಡ ಬದುಕಿರುವುದು 12ರಿಂದ 24 ಗಂಟೆ ಅಷ್ಟೇ. ಆದರೆ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಬಲ್ಲದು. ಅಂಡ ಬರುವ ಮುಂಚಿನ ಐದು ದಿನ, ಬಂದ ದಿನ, ಹೀಗೆ ಒಟ್ಟು ಆರು ದಿನ ಅವಕಾಶ ಇರುತ್ತದೆ. ಅದರಲ್ಲೂ ಅಂಡ ಬರುವ ಹಿಂದಿನ ಎರಡು ಮೂರು ದಿನ ಹೆಚ್ಚು ಒಳ್ಳೆಯದು. ಗೆರೆ ಗಾಢವಾದ ದಿನಕ್ಕೇ ಕಾಯಬೇಕಿಲ್ಲ, ಆ ಒಂದು ರಾತ್ರಿ ತಪ್ಪಿತು ಅಂತ ಅಳಬೇಕಾಗಿಯೂ ಇಲ್ಲ. ಕೂಡಿಡುವುದರಿಂದಲೂ ಲಾಭ ಇಲ್ಲ. ಬಹಳ ದಿನ ಬಿಟ್ಟರೆ ವೀರ್ಯಾಣುಗಳ ಚುರುಕು ಕಡಿಮೆಯಾಗಬಹುದು. ವೈದ್ಯರು ಸಾಮಾನ್ಯವಾಗಿ ಹೇಳೋದು ಎರಡು ಮೂರು ದಿನಕ್ಕೊಮ್ಮೆ, ತಿಂಗಳಿಡೀ.

ಸುಮಾ ಅವರ ಲೆಕ್ಕವನ್ನು ಅವರ ನೋಟ್‌ಬುಕ್ಕಿನಲ್ಲೇ ಹಾಕಿದೆವು. ಅತಿ ಚಿಕ್ಕ ಚಕ್ರದಲ್ಲಿ 18 ಕಳೆಯಬೇಕು, ಅತಿ ದೊಡ್ಡದರಲ್ಲಿ 11. ಅವರದ್ದು 32 ಮತ್ತು 35. ಬಂದದ್ದು 14 ಮತ್ತು 24. ಮುಟ್ಟು ಶುರುವಾದ ದಿನವನ್ನು ಒಂದು ಅಂತ ಎಣಿಸಿ, 14ರಿಂದ 24ರೊಳಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. "ಹನ್ನೊಂದು ದಿನ ಇದೆಯಾ!" ಅಂದರು ಮಂಜುನಾಥ್. ಶಿಫ್ಟ್ ಯಾವುದಾದರೂ ಇರಲಿ, ಅಷ್ಟರಲ್ಲಿ ಕೆಲವು ದಿನ ಸಿಕ್ಕೇ ಸಿಗುತ್ತದೆ. 'ಇವತ್ತು' ಅನ್ನುವ ಮೆಸೇಜ್ ಕಳಿಸುವುದನ್ನು ನಿಲ್ಲಿಸಿ ಅಂತ ಸುಮಾ ಅವರಿಗೆ ಹೇಳಿದೆ. ಒತ್ತಡದ ದಿನ ಗಂಡಸಿಗೆ ಆಗದೇ ಹೋಗುವುದು ಬಹಳ ಸಾಮಾನ್ಯ. ಬೇರೆ ದಿನ ಸರಿಯಿದ್ದರೆ ಭಯ ಬೇಡ. ಯಾವಾಗಲೂ ಹಾಗೇ ಆದರೆ ಶುಗರ್, ಬಿಪಿ ನೋಡಿಸಿ ಡಾಕ್ಟರ್ ಹತ್ತಿರ ಮಾತಾಡಬೇಕು ಅಂತ ಮಂಜುನಾಥ್ ಅವರಿಗೆ ತಿಳಿಸಿದೆ.

ಥರ್ಮಾಮೀಟರ್ ಎತ್ತಿಡಿ ಅಂದೆ. ಮೈ ಬಿಸಿ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರುವುದು ಅಂಡ ಬಿಡುಗಡೆಯಾದ ಮೇಲೆ. ಅಂದರೆ ಅದು ಆಗಿಹೋದದ್ದನ್ನು ಹೇಳುತ್ತದೆ, ಬರುವುದನ್ನಲ್ಲ. ಜೊತೆಗೆ ಕೆಲವು ಗಂಟೆ ಸರಿಯಾಗಿ ನಿದ್ದೆ ಆಗಿ, ಹಾಸಿಗೆಯಿಂದ ಏಳುವ ಮುಂಚೆ, ದಿನಾ ಅದೇ ಹೊತ್ತಿಗೆ ನೋಡಿದರೆ ಮಾತ್ರ ಅಂಕಿಗೆ ಬೆಲೆ. ನಡುರಾತ್ರಿ ಎದ್ದು ಬಾಗಿಲು ತೆಗೆಯುವ ಮನೆಯಲ್ಲಿ ಅದು ಬರೀ ತಲೆನೋವು.

ಸ್ಟ್ರಿಪ್ ಬೇಕೇ ಬೇಕು ಅನ್ನಿಸಿದರೆ 15ನೇ ದಿನದಿಂದ ಶುರು ಮಾಡಿ ಅಂದೆ. ಬೆಳಗಿನ ಮೊದಲ ಮೂತ್ರ ಬೇಡ. ಮಧ್ಯಾಹ್ನದ ಹೊತ್ತು ಅಥವಾ ಶಾಲೆಯಿಂದ ಬಂದ ಮೇಲೆ, ದಿನಾ ಒಂದೇ ಸಮಯಕ್ಕೆ. ಅದಕ್ಕೆ ಮುಂಚಿನ ಎರಡು ಗಂಟೆ ಜಾಸ್ತಿ ನೀರು ಬೇಡ. ಎರಡೇ ಗಂಟೆ ಅಂತ ಒತ್ತಿ ಹೇಳಬೇಕಾಯಿತು, ಯಾಕಂದರೆ ಶಾಲೆಯಲ್ಲಿ ಟಾಯ್ಲೆಟ್ ಸರಿಯಿಲ್ಲ ಅಂತ ಅವರು ಇಡೀ ದಿನ ನೀರೇ ಕುಡಿಯುತ್ತಿರಲಿಲ್ಲ. ನಮ್ಮ ಎಷ್ಟೋ ಟೀಚರ್‌ಗಳ ಪಾಡು ಇದು, ನೆನೆದರೆ ಸಂಕಟವಾಗುತ್ತದೆ. ಇನ್ನೊಂದು ಮಾತು: ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವವರಲ್ಲಿ ಎಲ್‌ಎಚ್ ಹಾರ್ಮೋನು ಮೊದಲೇ ಜಾಸ್ತಿ ಇರಬಹುದು, ಸ್ಟ್ರಿಪ್ ಸುಳ್ಳು ಹೇಳಬಹುದು.

ದುಡ್ಡಿಲ್ಲದೆ ಸಿಗುವ ಗುರುತು ಒಂದಿದೆ. ಅದನ್ನು ಸುಮಾ ಕಾಯಿಲೆ ಅಂದುಕೊಂಡಿದ್ದರು. ತಿಂಗಳ ನಡುವೆ ಒಂದೆರಡು ದಿನ ಬಿಳಿ ಹೋಗುತ್ತದೆ, ಅತ್ತೆ "ಉಷ್ಣ ಆಗಿದೆ" ಅಂತ ಬಾರ್ಲಿ ನೀರು ಕೊಡ್ತಾರೆ ಅಂದರು. ಹೇಗಿರುತ್ತದೆ ಅಂತ ಬಿಡಿಸಿ ಕೇಳಿದೆ. ಲೋಳೆಸರ ಸೀಳಿದಾಗ ಬರುವ ಲೋಳೆಯ ಹಾಗೆ, ತಿಳಿಯಾಗಿ, ಬೆರಳ ನಡುವೆ ಎಳೆಯಾಗಿ ಬರುತ್ತದೆ ಅಂದರು. ಅದು ಕಾಯಿಲೆಯಲ್ಲ. ಅಂಡ ಬರುವ ದಿನ ಹತ್ತಿರವಾದಾಗ ದೇಹವೇ ವೀರ್ಯಾಣುವಿಗೆ ದಾರಿ ಸುಲಭ ಮಾಡಿಕೊಡುವುದು ಹೀಗೆ. ಅದು ಕಂಡ ದಿನಗಳೇ ಒಳ್ಳೆಯ ದಿನಗಳು. ತುರಿಕೆ, ಕೆಟ್ಟ ವಾಸನೆ, ಮೊಸರಿನ ಗಡ್ಡೆಯ ಹಾಗೆ ಹೋಗುವುದು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಬೇಕು. ಬಾರ್ಲಿ ನೀರಿನಿಂದ ತೊಂದರೆಯಿಲ್ಲ, ಕುಡಿಯಲಿ.

ಮುಟ್ಟು ತಡವಾಗುವ ಮುಂಚೆಯೇ ಪ್ರೆಗ್ನೆನ್ಸಿ ಕಿಟ್ ಹಾಕುವ ಅಭ್ಯಾಸವೂ ಇತ್ತು. ಮುಟ್ಟಿನ ದಿನ ಬರುವ ಮುಂಚೆ ನೋಡಿದರೆ ಬಸುರಾಗಿದ್ದರೂ ಕಾಣದೇ ಇರಬಹುದು, ಸುಮ್ನೆ ಎರಡು ಸಲ ನೋವು. ಮುಟ್ಟಿನ ದಿನ ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ ಅಂದೆ. ಸರ್ಕಾರದ ನಿಶ್ಚಯ್ ಕಿಟ್ ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಆಕೆಯ ಬೀರುವಿನಲ್ಲಿದ್ದ ಥರ್ಮಾಮೀಟರ್, ಸ್ಟ್ರಿಪ್, ಆ್ಯಪ್ ಎಲ್ಲವೂ ಆಕೆಯ ದೇಹವನ್ನು ಮಾತ್ರ ನೋಡುತ್ತಿದ್ದವು. ಒಂದು ವರ್ಷದಲ್ಲಿ ಮಂಜುನಾಥ್ ಅವರ ಒಂದು ಪರೀಕ್ಷೆಯೂ ಆಗಿರಲಿಲ್ಲ. ಮಗು ಆಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಅದಕ್ಕೆ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೋಗದಂತೆ ಇದ್ದು ಸ್ಯಾಂಪಲ್ ಕೊಟ್ಟರಾಯಿತು. ಹೆಂಡತಿಗೆ 35ರೊಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ, 35 ದಾಟಿದ್ದರೆ ಆರು ತಿಂಗಳಿಗೇ ಡಾಕ್ಟರನ್ನು ನೋಡಬೇಕು. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟೂ ಕಾಯಬಾರದು. ಇವರಿಗೆ ವರ್ಷ ಕಳೆದಿತ್ತು. ದಿನ ತಪ್ಪಿದ್ದೊಂದೇ ಕಾರಣ ಅಂತ ಸಮಾಧಾನ ಮಾಡಿ ಮನೆಗೆ ಕಳಿಸುವುದು ಸರಿಯಲ್ಲ. ಇಬ್ಬರೂ ಒಟ್ಟಿಗೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಅಂತ ಚೀಟಿ ಬರೆದುಕೊಟ್ಟೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಬಸುರಾಗುವ ಮುಂಚಿನಿಂದಲೇ ತಗೊಳ್ಳಬೇಕು, ಅದನ್ನು ಅಲ್ಲೇ ಕೇಳಿ ಶುರು ಮಾಡಿ ಅಂದೆ. ಗುಟ್ಕಾ ಬಿಡಿ ಅಂದಾಗ ಮಂಜುನಾಥ್ ತಲೆ ತಗ್ಗಿಸಿದರು. ಅಲ್ಲಿಯವರೆಗೆ ಹೆಂಡತಿಗೆ ಗೊತ್ತಿರಲಿಲ್ಲ.

ಅತ್ತೆಯ ಕ್ಯಾಲೆಂಡರಿನ ಮಾತು ಉಳಿದಿತ್ತು. ಸೊಸೆ ಹೇಳಿದರೆ ಎದುರುತ್ತರ ಆಗುತ್ತದೆ, ಮಗ ಹೇಳಬೇಕು ಅಂದೆ. ಏನು ಹೇಳಬೇಕು ಅಂತ ನನ್ನ ಮುಂದೆಯೇ ಒಮ್ಮೆ ಹೇಳಿ ನೋಡಿದರು: "ಅಮ್ಮಾ, ನಮ್ಮಿಬ್ರಿಗೂ ಟೆಸ್ಟ್ ನಡೀತಾ ಇದೆ. ಏನಾದ್ರೂ ಇದ್ರೆ ನಾನೇ ನಿಂಗೆ ಮೊದ್ಲು ಹೇಳ್ತೀನಿ. ಅವಳನ್ನ ಕೇಳ್ಬೇಡ."

ಕೆಲವು ತಿಂಗಳಾದ ಮೇಲೆ ಇಬ್ಬರೂ ಬಂದರು. ಸುಮಾ ಅವರಿಗೆ ಥೈರಾಯ್ಡ್ ಸ್ವಲ್ಪ ಏರುಪೇರು ಕಂಡು ಮಾತ್ರೆ ಶುರುವಾಗಿತ್ತು. ಮಂಜುನಾಥ್ ಅವರ ರಿಪೋರ್ಟಿನಲ್ಲಿ ವೀರ್ಯಾಣುಗಳ ಚುರುಕು ಕಡಿಮೆ ಇತ್ತು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಹಾಗಾಗಿ ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಅಂದಿದ್ದರು ಡಾಕ್ಟರ್. ಗುಟ್ಕಾ ನಿಂತಿತ್ತು. ಅಮ್ಮನಿಗೆ ಮಗನೇ ಹೇಳಿದ್ದರು. ಎರಡು ದಿನ ಮುನಿಸಿಕೊಂಡು ಆಮೇಲೆ ಅತ್ತೆಯೇ ಸೊಸೆಗೆ ಮಾತ್ರೆ ನೆನಪಿಸುತ್ತಿದ್ದರಂತೆ. ನಿದ್ದೆ ಬರ್ತಾ ಇದೆ ಅಂದರು ಸುಮಾ. ಬಸುರು ಇನ್ನೂ ನಿಂತಿರಲಿಲ್ಲ.

ಮುಂದಿನ ಹಂತಕ್ಕೆ ಗರ್ಭನಾಳ ತೆರೆದಿದೆಯೇ ಅಂತ ನೋಡುವ ಎಕ್ಸ್‌ರೇ ಹೇಳಿದ್ದರು. ಅದನ್ನು ಮುಟ್ಟು ನಿಂತ ಮೇಲೆ, ಅಂಡ ಬರುವ ಮುಂಚೆ ಮಾಡಬೇಕು. ತಾರೀಖು ಗೊತ್ತು ಮಾಡಲು ಸುಮಾ ಅವರ ನೋಟ್‌ಬುಕ್ ಕೆಲಸಕ್ಕೆ ಬಂತು. ಈಗ ಅದರಲ್ಲಿ ಇರುವುದು ಎರಡೇ ವಿಷಯ: ಮುಟ್ಟಾದ ದಿನ, ಲೋಳೆ ಕಂಡ ದಿನ. ಎಕ್ಸ್‌ರೇ ದಿನಕ್ಕೆ ಮಂಜುನಾಥ್ ರಜಾ ಬರೆದುಕೊಟ್ಟಾಗಿತ್ತು. ನೋವಾಗುತ್ತಾ, ಆವತ್ತು ಜೊತೆಗೆ ಒಳಗೆ ಬಿಡ್ತಾರಾ ಅಂತ ಕೇಳಿದರು. ಸ್ವಲ್ಪ ಹೊಟ್ಟೆ ಹಿಡಿದ ಹಾಗೆ ಆಗಬಹುದು, ಮುಂಚೆಯೇ ನೋವಿನ ಮಾತ್ರೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿಟ್ಟುಕೊಳ್ಳಿ ಅಂದೆ. ಎಕ್ಸ್‌ರೇ ರೂಮಿನೊಳಗೆ ಬಿಡಲಿಕ್ಕಿಲ್ಲ, ಬಾಗಿಲ ಹೊರಗೆ ನೀವೇ ಇರಿ, ಬೇರೆ ಯಾರನ್ನೂ ಕಳಿಸಬೇಡಿ ಅಂತಲೂ ಹೇಳಿದೆ.