‘ಕದ್ದೆಯಾ?’ ಅಂತ ಮೊದಲು ಕೇಳಬೇಡಿ

ಪ್ರಶ್ನೆ: ಅಕ್ಕಾ, ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ಸಮಾಜಶಾಸ್ತ್ರ ನನ್ನ ಮುಖ್ಯ ವಿಷಯ. ಮುಂದೆ ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರ ಓದುವ ಆಸೆ. ಅಪ್ಪ ಘಾಟ್ಕೋಪರಿನ ಹೋಟೆಲೊಂದರಲ್ಲಿ ಕ್ಯಾಶಿಯರ್. ‘ಕಳ್ಳಕಾಕರ ಹಿಂದೆ ಸುತ್ತುವುದು ಎಂಥ ಓದು? ಬ್ಯಾಂಕ್ ಪರೀಕ್ಷೆಗೆ ಕೂತ್ಕೋ’ ಅನ್ನುತ್ತಾರೆ. ಇದು ಪೊಲೀಸ್ ಆಗುವವರಿಗೆ ಮಾತ್ರವಾ? ಎಲ್ಲಿ ಓದಬೇಕು? ಈಗಿನಿಂದ ಏನು ತಯಾರಿ ಮಾಡಲಿ?
— ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ನಿಮ್ಮಪ್ಪನ ಮಾತು ಓದಿ ನಗು ಬಂತು. ನಾನು ಓದಿನ ಕೆಲಸಕ್ಕೆಂದು ಜೈಲಿಗೆ ಹೋಗುತ್ತಿದ್ದಾಗ ನಮ್ಮಮ್ಮ ಮಾಟುಂಗಾ ಮಾರ್ಕೆಟ್ಟಿನಲ್ಲಿ ಸಿಕ್ಕವರಿಗೆಲ್ಲ ‘ಮಗಳು ಆಫೀಸಿಗೆ ಹೋಗ್ತಾಳೆ’ ಅಂತಲೇ ಹೇಳುತ್ತಿದ್ದರು. ಜೈಲಿಗೆ ಹೋಗಿ ಬರ್ತಾಳೆ ಅಂತ ಹೇಗೆ ಹೇಳುವುದು, ಅಲ್ವಾ?

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಬೆರಳಚ್ಚು, ರಕ್ತದ ಕಲೆ, ಡಿಎನ್ಎ ಇವೆಲ್ಲ ಫೊರೆನ್ಸಿಕ್ ಸೈನ್ಸ್. ಅದಕ್ಕೆ ಸಾಮಾನ್ಯವಾಗಿ ಬಿ.ಎಸ್ಸಿ. ಬೇಕು. ಕ್ರಿಮಿನಾಲಜಿಗೆ ನಿಮ್ಮ ಸಮಾಜಶಾಸ್ತ್ರವೇ ತಳಪಾಯ. ಅಪರಾಧ ಯಾಕಾಗುತ್ತದೆ, ಯಾರು ಸಿಕ್ಕಿಬೀಳುತ್ತಾರೆ, ಒಳಗೆ ಹೋದವರು ಹೊರಬಂದ ಮೇಲೆ ಏನಾಗುತ್ತಾರೆ, ಇದು ಅದರ ಕೆಲಸ.

ನಾನು ಎಂ.ಎ. ಓದುವಾಗ ಫೀಲ್ಡ್ ವರ್ಕಿಗೆಂದು ವಾರಕ್ಕೆ ಎರಡು ದಿನ ಒಂದು ಜೈಲಿಗೆ ಹೋಗುತ್ತಿದ್ದೆ. ಅಲ್ಲಿ 19 ವರ್ಷದ ಒಬ್ಬ ಹುಡುಗ. ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದವ. ಗಿರಾಕಿಯ ಮೊಬೈಲ್ ಕದ್ದ ಅಂತ ಕೇಸು. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೇ. ‘ನಿನ್ನ ಕನ್ನಡದವ, ಮಾತಾಡು’ ಎಂದು ನನ್ನನ್ನು ಕಳಿಸಿದರು. ನಾನು ಕೂತ ಕೂಡಲೇ ‘ಕದ್ದೆಯಾ?’ ಅಂದೆ. ಅವನು ನೆಲ ನೋಡುತ್ತ ಕೂತ. ಅರ್ಧ ಗಂಟೆ ಒಂದು ಮಾತಿಲ್ಲ. ನನ್ನ ಪೆದ್ದುತನ, ಮತ್ತೇನು!

ಮುಂದಿನ ವಾರ ‘ಯಾವೂರು ನಿಂದು?’ ಅಂದೆ. ‘ಹೆಮ್ಮಾಡಿ.’ ‘ಮುಂಬಯಿಗೆ ಬಸ್ಸಲ್ಲಿ ಬಂದೆಯಾ, ರೈಲಲ್ಲಾ?’ ಅಷ್ಟೇ ಸಾಕಾಯಿತು. ಊರು, ತಾಯಿ, ಹೋಟೆಲಿನ ಅಟ್ಟದ ಮೇಲೆ ಎಂಟು ಜನ ಮಲಗುತ್ತಿದ್ದುದು, ಎಲ್ಲ ಬಂತು. ಕೊನೆಯಲ್ಲಿ ಇನ್ನೊಂದು ವಿಷಯವೂ ಬಂತು. ಜಾಮೀನು ಮಂಜೂರಾಗಿ ನಾಲ್ಕು ತಿಂಗಳಾಗಿದೆ! ಹೊಣೆ ನಿಲ್ಲಲು ಈ ಊರಿನ ರೇಷನ್ ಕಾರ್ಡು, ಪಗಾರದ ಚೀಟಿ ಇರುವವರು ಒಬ್ಬರು ಬೇಕು. ಅಂಥವರು ಅವನಿಗೆ ಯಾರಿದ್ದಾರೆ? ತಾಯಿಗೆ ಹೋಟೆಲ್ ಬದಲಿಸಿದೆ ಅಂತ ಹೇಳಿ ಕಳಿಸಿದ್ದನಂತೆ. ಆಮೇಲೆ ವಡಾಲಾದಲ್ಲಿ ಪಾನ್ ಅಂಗಡಿ ಇಟ್ಟಿದ್ದ ಅವನ ಕಡೆಯವರೊಬ್ಬರು ಕಾಗದಪತ್ರ ಹಿಡಿದು ಕೋರ್ಟಿಗೆ ಬಂದರು. ಕದ್ದಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಇದು ಅವನೊಬ್ಬನ ಕಥೆ ಅಂದುಕೊಳ್ಳಬೇಡಿ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ ಸುಮಾರು 4.34 ಲಕ್ಷ ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಕೇಸು ಇನ್ನೂ ತೀರ್ಮಾನವೇ ಆಗಿರಲಿಲ್ಲ.

ಸಮಾಜಶಾಸ್ತ್ರಕ್ಕೆ ಮುಂಬಯಿಗಿಂತ ಒಳ್ಳೆಯ ಊರು ಬೇಕಾ? ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಶುರುವಾದದ್ದು 1919ರಲ್ಲಿ. ಹೆಸರಾಂತ ಸಮಾಜಶಾಸ್ತ್ರಜ್ಞ, ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಇಲ್ಲಿಗೇ ಬಂದು ಈ ವಿಭಾಗದ ಪ್ರಾಧ್ಯಾಪಕ ಘುರ್ಯೆ ಅವರ ಕೈಕೆಳಗೆ ಓದಿದರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಅವರು ಮಾಡಿಕೊಂಡ ಟಿಪ್ಪಣಿ 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಿತು. ನೆನಪಿನಿಂದಲೇ ಪುಸ್ತಕ ಬರೆದರು! ನಮಗೆ ಅಂಥ ನೆನಪಿಲ್ಲ. ಕಂಡದ್ದನ್ನು ಅವತ್ತು ರಾತ್ರಿಯೇ ಬರೆದಿಡಿ, ಎರಡು ಕಡೆ ಇಡಿ.

ಓದುವಾಗ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯನ್ನು ಬಿಡಬೇಡಿ. ಹುಟ್ಟಿದ ಜಾತಿಯ ಮೇಲೇ ಕಳ್ಳರು ಅಂತ ಸರಕಾರ ಹಣೆಪಟ್ಟಿ ಹಚ್ಚಿ, ಬೇಲಿಯೊಳಗೆ ಇಟ್ಟು ಹಾಜರಿ ತೆಗೆದುಕೊಳ್ಳುತ್ತಿತ್ತು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಅಂತ ಕರೆಯುವ ಜಾಗ ಇದೆಯಲ್ಲ, ಆ ಹೆಸರು ಬಂದದ್ದು ಹಾಗೆ. ಕಾಯಿದೆ ಹೋದದ್ದು 1952ರಲ್ಲಿ. ಅನುಮಾನ ಹೋಗಿದೆಯಾ?

ಎಲ್ಲಿ ಓದಬೇಕು ಅಂದಿರಿ. ನಿಮಗೆ ಹತ್ತಿರ ಅಂದರೆ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಅಲ್ಲಿ ಸಮಾಜಕಾರ್ಯದ ಎಂ.ಎ.ಯಲ್ಲಿ ಈ ವಿಷಯ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಕ್ರಿಮಿನಾಲಜಿ ವಿಭಾಗ ಇದೆ. ಪೊಲೀಸ್ ಆಗಲು ಇದೇ ಓದು ಬೇಕೆಂದೇನಿಲ್ಲ. ಓದಿದವರು ಪ್ರೊಬೇಷನ್ ಅಧಿಕಾರಿ (ಬ್ಯಾಂಕಿನವರಲ್ಲ, ಜೈಲಿನ ಬದಲು ನಿಗಾದಲ್ಲಿ ಬಿಟ್ಟವರನ್ನು ನೋಡಿಕೊಳ್ಳುವವರು) ಆಗಬಹುದು, ಮಕ್ಕಳ ರಕ್ಷಣಾ ಘಟಕಗಳಲ್ಲಿ, ಕೈದಿಗಳ ಜೊತೆ ಕೆಲಸ ಮಾಡುವ ಸಂಸ್ಥೆಗಳಲ್ಲಿ ಸೇರಬಹುದು. ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆ ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡಬಹುದು. ಪಗಾರ ಬ್ಯಾಂಕಿನಷ್ಟು ಬರುತ್ತದೆ ಅಂತ ಸುಳ್ಳು ಹೇಳಲಾರೆ. ಶುರುವಿನಲ್ಲಿ ಕಷ್ಟವೇ.

ತಯಾರಿಗೆ ಮರಾಠಿ ಓದಲು, ಬರೆಯಲು ಕಲಿಯಿರಿ. ಎಫ್ಐಆರ್, ಪಂಚನಾಮೆ ಎಲ್ಲ ಮರಾಠಿಯಲ್ಲಿರುತ್ತವೆ. ಇನ್ನೊಂದು, ಅಪ್ಪನ ಹತ್ತಿರ ಕೂತು ಕೇಳಿ. ಗಲ್ಲಾದಲ್ಲಿ ದುಡ್ಡು ಕಡಿಮೆ ಬಿದ್ದ ದಿನ ಮೊದಲ ಅನುಮಾನ ಯಾರ ಮೇಲೆ ಹೋಗುತ್ತದೆ ಅಂತ. ಅವರ ಉತ್ತರವನ್ನು ಹಾಗೇ ಬರೆದುಕೊಳ್ಳಿ. ನಿಮ್ಮ ಫೀಲ್ಡ್ ವರ್ಕ್ ಅಲ್ಲೇ ಶುರು.

ಪ್ರಶ್ನೆ: ಒಂದು ನಗರದಲ್ಲಿ ಕೇಸು ಜಾಸ್ತಿ ಅಂದರೆ ಆ ಊರು ಅಷ್ಟು ಕೆಟ್ಟದ್ದು ಅಂತಲೇ ಅರ್ಥವಾ?
— ಓದುಗ, ಪುಣೆ

ಉತ್ತರ: ಇಲ್ಲ. ಸರಕಾರದ ಅಪರಾಧ ವರದಿಯಲ್ಲಿರುವುದು ದಾಖಲಾದ ಕೇಸು ಮಾತ್ರ. ಅದರಲ್ಲೂ ಒಂದೇ ಎಫ್ಐಆರ್‌ನಲ್ಲಿ ಕೊಲೆ, ದರೋಡೆ ಎರಡೂ ಇದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೊಲೆಯನ್ನಷ್ಟೇ ಲೆಕ್ಕ ಹಿಡಿಯುತ್ತದೆ. ಹೋದ ತಿಂಗಳು ದಾದರ್ ಸೇತುವೆಯ ಮೇಲೆ ನನ್ನ ಪರ್ಸ್ ಹೋಯಿತು. 300 ರೂಪಾಯಿಗೆ ಠಾಣೆ ಯಾರು ಹತ್ತುತ್ತಾರೆ ಅಂತ ಸುಮ್ನೆ ಮನೆಗೆ ಬಂದೆ. ಆ ಕಳವು ಯಾವ ಲೆಕ್ಕದಲ್ಲೂ ಇಲ್ಲ.